ತಲೆ ಎತ್ತದೆ ಹಾಕಿದ ಸಾಕ್ಷಿ

2023ರ ಜೂನ್ ತಿಂಗಳು. ವಿಶಾಖಪಟ್ಟಣದ ದ್ವಾರಕಾ ನಗರದಲ್ಲಿರುವ ನಮ್ಮ ಬ್ಯಾಂಕ್ ಶಾಖೆಗೆ ನನ್ನ ಹೆಸರಿಗೆ ಒಂದು ಸಮನ್ಸ್ ಬಂತು. ವಿಜಯವಾಡದ ಕೋರ್ಟಿನಲ್ಲಿ ನಡೆಯುತ್ತಿರುವ ದಾವೆಯೊಂದರಲ್ಲಿ ನಾನು ಹಾಜರಾಗಿ ಸಾಕ್ಷಿ ಹೇಳಬೇಕಂತೆ. ನಾನು ತುಮಕೂರು ಕಡೆಯವಳು. ವರ್ಗವಾಗಿ, ಮತ್ತೆ ವರ್ಗವಾಗಿ ಆಂಧ್ರದಲ್ಲೇ ಇಪ್ಪತ್ತು ವರ್ಷ ಕಳೆದಿದ್ದೇನೆ. ಈ ಇಪ್ಪತ್ತು ವರ್ಷದಲ್ಲಿ ಯಾರ ತಂಟೆಗೂ ಹೋದವಳಲ್ಲ. ಮ್ಯಾನೇಜರ್ ಆ ಕಾಗದವನ್ನು ಎರಡು ಬೆರಳಲ್ಲಿ ಹಿಡಿದು ತಂದು, ಯಾರದೋ ಉಯಿಲಿಗೆ ಸಾಕ್ಷಿ ಹಾಕಿದ್ದೀರಂತಲ್ಲ ಎಂದು ಕೇಳಿದರು. ನಾನ್ಯಾಕೆ ಹಾಕಲಿ ಸಾರ್, ಏನೋ ತಪ್ಪಾಗಿರಬೇಕು ಎಂದೆ.

ಮರುದಿನ ವಿಜಯವಾಡದಿಂದ ಮೂರ್ತಿ ಎಂಬ ವಕೀಲರು ಫೋನ್ ಮಾಡಿದರು. "ತಪ್ಪೇನೂ ಆಗಿಲ್ಲ ಮೇಡಂ ಗಾರು. ಸಹಿ ಕೆಳಗೆ ನಿಮ್ಮ ನಂಬರ್ ಇದೆ, ಪಕ್ಕದಲ್ಲಿ ಬ್ಯಾಂಕಿನ ರೌಂಡ್ ಸೀಲೂ ಇದೆ" ಎಂದು ಹೇಳಿ ಕೊನೆಯ ಪುಟದಲ್ಲಿ ಸಹಿಗಳಿರುವ ಭಾಗದ್ದಷ್ಟೇ ಫೋಟೊ ಕಳಿಸಿದರು. ನೋಡಿದರೆ ನನ್ನದೇ ಸಹಿ. ಅದರ ಕೆಳಗೆ ಬ್ಯಾಂಕು ನನಗೆ ಕೊಟ್ಟ ಸಹಿ ಸಂಖ್ಯೆ. ಪಕ್ಕದಲ್ಲಿ ನಾನು ಹಿಂದೆ ಕೆಲಸ ಮಾಡಿದ ವಿಜಯವಾಡ ಶಾಖೆಯ ದುಂಡು ಮೊಹರು, ಸ್ವಲ್ಪವೂ ಓರೆಯಾಗದೆ ಚೆನ್ನಾಗಿ ಮೂಡಿದೆ. ಒಬ್ಬರ ಖಾಸಗಿ ಉಯಿಲಿಗೆ ಬ್ಯಾಂಕಿನ ಸೀಲು ಒತ್ತಿದ ಮಹಾತಾಯಿ ಇಡೀ ದೇಶದಲ್ಲಿ ನಾನೊಬ್ಬಳೇ ಇರಬೇಕು.

ಉಯಿಲು ಬಸಪ್ಪನವರದು. ಹೆಸರು ಓದಿದ ಮೇಲೆ ಆ ಮನುಷ್ಯರ ದನಿ ನೆನಪಿಗೆ ಬಂತು. ಗದಗದ ಕಡೆಯವರು. ನೌಕಾಪಡೆಯಲ್ಲಿ ನಾವಿಕರಾಗಿ ವಿಶಾಖಪಟ್ಟಣದಲ್ಲಿದ್ದು, ಮಂಗಳಗಿರಿಯ ನೇಕಾರರ ಮನೆಯ ಹುಡುಗಿಯನ್ನು ಮದುವೆಯಾಗಿ, ನಿವೃತ್ತಿಯ ನಂತರ ವಿಜಯವಾಡದಲ್ಲಿ ಕಾಲುವೆ ಪಕ್ಕ ಎರಡು ಕೋಣೆಯ ಮನೆ ಕಟ್ಟಿಕೊಂಡಿದ್ದರು. ಪಿಂಚಣಿ ನಮ್ಮ ಶಾಖೆಯಲ್ಲಿತ್ತು. ಅಲ್ಲಿ ಕನ್ನಡ ಬಲ್ಲವಳು ನಾನೊಬ್ಬಳೇ ಆದ್ದರಿಂದ ಬೇರೆ ಕೌಂಟರ್ ಖಾಲಿ ಇದ್ದರೂ ನನ್ನ ಸಾಲಿನಲ್ಲೇ ನಿಲ್ಲುತ್ತಿದ್ದರು. "ತಂಗೀ, ಆರಾಮ ಅದೀರಿ?" ಎನ್ನುತ್ತಿದ್ದರು. ನಾನು "ಹೂಂ ಸಾರ್" ಎನ್ನುತ್ತಿದ್ದೆ. ನಮ್ಮ ಪರಿಚಯ ಅಷ್ಟೇ.

ಉಯಿಲಿನ ಮೇಲಿದ್ದದ್ದು 2017ರ ನವೆಂಬರಿನ ತಾರೀಖು. ಬ್ಯಾಂಕಿನವರಿಗೆ ನವೆಂಬರ್ ಎಂದರೆ ಏನೆಂದು ಗೊತ್ತು. ಪಿಂಚಣಿದಾರರೆಲ್ಲ ತಾವು ಬದುಕಿದ್ದೇವೆ ಎಂದು ಬರೆದುಕೊಡಬೇಕಾದ ತಿಂಗಳು ಅದು. ಬೆಳಿಗ್ಗೆ ಬಾಗಿಲು ತೆರೆಯುವ ಮುನ್ನವೇ ಊರುಗೋಲುಗಳು ಸಾಲು ನಿಂತಿರುತ್ತವೆ. ಅವರು ಕಾಗದ ಮುಂದೆ ಇಡುತ್ತಾರೆ, ನಾನು ಸಹಿ ಹಾಕಿ, ನಂಬರ್ ಬರೆದು, ಸೀಲು ಒತ್ತಿ ಪಕ್ಕಕ್ಕೆ ಸರಿಸುತ್ತೇನೆ. ಅವರು ಬದುಕಿದ್ದಾರೆಂದು ಬರೆದುಕೊಡುವ ನಾನು ಅವರ ಮುಖ ನೋಡುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ನನಗೆ ಕೈಗಳು ಮಾತ್ರ ಕಾಣುತ್ತಿರುತ್ತವೆ. ಬಸಪ್ಪನವರ ಉಯಿಲೂ ಅಂಥದೊಂದು ದಿನ, ಅವರ ಜೀವಂತ ಪ್ರಮಾಣಪತ್ರದ ಜೊತೆಗೇ ನನ್ನ ಸೀಲಿನ ಕೆಳಗೆ ಬಂದಿರಬೇಕು.

ಜುಲೈಯಲ್ಲಿ ಸಾಕ್ಷಿ ಹೇಳಲೆಂದು ಮೊದಲ ಸಲ ವಿಜಯವಾಡಕ್ಕೆ ಹೋದೆ. ಹಿಂದಿನ ದಿನವೇ ಹೊರಟು ಹಳೆಯ ಸಹೋದ್ಯೋಗಿಯೊಬ್ಬರ ಮನೆಯಲ್ಲಿ ಉಳಿದು, ಬೆಳಿಗ್ಗೆ ಹತ್ತಕ್ಕೆ ಕೋರ್ಟಿನ ಅಂಗಳದಲ್ಲಿ ನಿಂತೆ. ಅಲ್ಲಿ ನನ್ನನ್ನು ಹುಡುಕಿಕೊಂಡು ಬಂದವಳು ಪದ್ಮ, ಬಸಪ್ಪನವರ ಸೊಸೆ. ನಲವತ್ತರ ಆಸುಪಾಸು, ಬಣ್ಣ ಮಾಸಿದ ಮಂಗಳಗಿರಿ ಸೀರೆ, ಕೈಯಲ್ಲಿ ಒಂದು ಸ್ಟೀಲ್ ಡಬ್ಬಿ. ಅವಳಿಗೆ ಕನ್ನಡ ಬಾರದು. ಅವಳ ಗಂಡನಿಗೂ ಬರುತ್ತಿರಲಿಲ್ಲವಂತೆ. ತಾಯಿ ತೆಲುಗಿನವರು, ಶಾಲೆ ತೆಲುಗಿನದು, ಹಾಗಾಗಿ ಮನೆಯಲ್ಲಿ ಕನ್ನಡ ಬಸಪ್ಪನವರ ಬಾಯಲ್ಲಿ ಮಾತ್ರ ಉಳಿದಿತ್ತು.

ಅವಳು ತೆಲುಗಿನಲ್ಲಿ ಹೇಳಿದ ಕಥೆ ಇಷ್ಟು. ಅತ್ತೆ ಮೊದಲೇ ತೀರಿಕೊಂಡಿದ್ದರು. ಮದುವೆಯಾದ ಐದನೇ ವರ್ಷಕ್ಕೆ ಗಂಡ ರಸ್ತೆ ಅಪಘಾತದಲ್ಲಿ ಹೋದ. ಎರಡು ವರ್ಷದ ಬಳಿಕ ಮಾವನೇ ಮುಂದೆ ನಿಂತು ಅವಳಿಗೆ ಇನ್ನೊಂದು ಮದುವೆ ಮಾಡಿಸಿದರು. ಹೊಸ ಗಂಡನೂ ಅವಳೂ ಆ ಮನೆಯಲ್ಲೇ ಉಳಿದು, ಕೊನೆಯವರೆಗೂ ಅವರನ್ನು ನೋಡಿಕೊಂಡರು. 2021ರಲ್ಲಿ ಅವರು ತೀರಿಕೊಂಡ ಮೇಲೆ ನೌಕಾಪಡೆಯ ಹಳೇ ಟ್ರಂಕಿನಲ್ಲಿ ಕನ್ನಡದಲ್ಲಿ ಬರೆದ ಉಯಿಲು ಸಿಕ್ಕಿತು. ಮನೆ ಪದ್ಮಳಿಗೆ ಎಂದು ಬರೆದಿದೆಯೆಂದು ಅವಳ ವಕೀಲರಾದ ಮೂರ್ತಿಯವರು ಓದಿಸಿ ತಿಳಿಸಿದರು. ಗದಗದಿಂದ ಬಸಪ್ಪನವರ ಅಣ್ಣನ ಮಕ್ಕಳು ಬಂದು, ಆಕೆ ಈಗ ಬೇರೊಬ್ಬನ ಹೆಂಡತಿ, ನಮ್ಮ ಚಿಕ್ಕಪ್ಪ ಆಕೆಗೆ ಮನೆ ಬರೆದಿರಲಾರರು, ಉಯಿಲು ಸುಳ್ಳು ಎಂದು ದಾವೆ ಹಾಕಿದರು. ಉಯಿಲು ಬಿದ್ದುಹೋದರೆ ಗಂಡ ಮಕ್ಕಳನ್ನು ಕಟ್ಟಿಕೊಂಡು ಅವಳು ಆ ಮನೆ ಬಿಡಬೇಕಾಗುತ್ತಿತ್ತು.

"ನಿಮ್ಮ ಮಾವನವರು ಉಯಿಲಿನ ವಿಷಯ ನಿಮಗೆ ಹೇಳಿರಲಿಲ್ಲವಾ?" ಎಂದು ಕೇಳಿದೆ.

"ಮಾವಯ್ಯ ಮಾತೇ ಕಡಿಮೆ ಅಕ್ಕಾ. ಊಟ ಚೆನ್ನಾಗಿದ್ದರೂ ಹೇಳುತ್ತಿರಲಿಲ್ಲ, ಇಲ್ಲದಿದ್ದರೂ ಹೇಳುತ್ತಿರಲಿಲ್ಲ. ಚಾಕರಿ ಮಾಡಿದ್ದಕ್ಕೆ ಕೂಲಿ ಅಂತ ಮನೆ ಬರೆಸಿಕೊಂಡಳು ಅಂತ ಅವರ ಊರಿನವರು ಅಂತಾರೆ. ಇದ್ದರೂ ಇರಬಹುದು, ನನಗೇನು ಗೊತ್ತು" ಎಂದಳು. ಆ ಮಾತನ್ನು ಅವಳು ಯಾವ ಸಿಟ್ಟೂ ಇಲ್ಲದೆ ಹೇಳಿದಳು.

ಆ ದಿನ ವಕೀಲರು ಕಲಾಪ ಬಹಿಷ್ಕರಿಸಿದ್ದರಿಂದ ಕೋರ್ಟ್ ನಡೆಯಲಿಲ್ಲ. ಪದ್ಮ ಡಬ್ಬಿ ತೆಗೆದು ಪುಳಿಹೋರ, ಅಂದರೆ ಆಂಧ್ರದ ಪುಳಿಯೋಗರೆ, ಕೊಟ್ಟಳು. ತಿಂದು, ರೈಲು ಹತ್ತಿ ವಾಪಸಾದೆ. ಪೂರ್ತಿ ಉಯಿಲಿನ ಜೆರಾಕ್ಸ್ ಮೂರ್ತಿಯವರ ಕೈಯಲ್ಲೇ ಇತ್ತು. ಕೇಳಿ ಓದಬಹುದಿತ್ತು. ರೈಲಿಗೆ ಹೊತ್ತಾಯಿತೆಂದು ಓದಲಿಲ್ಲ. ನನ್ನ ಹಣೆಬರಹವೇ ಹಾಗೆ, ಓದಬೇಕಾದ್ದನ್ನು ಓದುವುದಿಲ್ಲ.

ಸೆಪ್ಟೆಂಬರಿನಲ್ಲಿ ಎರಡನೇ ಸಲ ಹೋದಾಗ ನ್ಯಾಯಾಧೀಶರು ರಜೆ. ಮತ್ತೆ ಪುಳಿಹೋರ, ಮತ್ತೆ ರೈಲು. ವಿಜಯವಾಡದ ಸೆಕೆ ಬಲ್ಲವರೇ ಬಲ್ಲರು. ಮಂಡಿ ನೋವು ಬೇರೆ. ಪ್ಲಾಟ್‌ಫಾರಂ ಮೆಟ್ಟಿಲು ಹತ್ತುವಾಗ ಬಸಪ್ಪನವರನ್ನೂ, ಅವರ ಅಣ್ಣನ ಮಕ್ಕಳನ್ನೂ, ನನ್ನನ್ನೂ ಸೇರಿಸಿ ಬೈದುಕೊಂಡೆ. ಇತ್ತ ಬ್ಯಾಂಕಿನವರು ಉಯಿಲಿಗೆ ಸೀಲು ಒತ್ತಿದ್ದು ಯಾಕೆಂದು ವಿವರಣೆ ಕೇಳಿದ್ದರು. ಅಭ್ಯಾಸಬಲದಿಂದ ಎಂದು ಬರೆದರೆ ಯಾರು ಒಪ್ಪುತ್ತಾರೆ? ಆದರೆ ನಿಜವಾದ ಕಾರಣ ಅದೊಂದೇ.

ಮೂರನೇ ವಾಯಿದೆ ಬಿದ್ದದ್ದು ನವೆಂಬರಿನಲ್ಲಿ. ಊರುಗೋಲುಗಳ ಸಾಲನ್ನು ಬಿಟ್ಟು ಹೊರಟಾಗ ಮ್ಯಾನೇಜರ್ ಮುಖ ನೋಡುವ ಹಾಗಿರಲಿಲ್ಲ. ಈ ಸಲ ವಿಚಾರಣೆ ಖಚಿತ ಎಂದಿದ್ದರು ಮೂರ್ತಿಯವರು. ಕೋರ್ಟಿನ ಎದುರಿನ ಅವರ ಕಚೇರಿಗೆ ಹೋದೆ. ಎಪ್ಪತ್ತು ದಾಟಿದ ವಯಸ್ಸು, ಮೇಜಿನ ತುಂಬ ಕಟ್ಟುಗಳು. ಇಂಗ್ಲಿಷಿನಲ್ಲಿ ಟೈಪಾದ ಎರಡು ಹಾಳೆ ಮುಂದೆ ಇಟ್ಟು, ನನ್ನ ಹೇಳಿಕೆ ಸಿದ್ಧವಾಗಿದೆ, ಇಲ್ಲಿ ಸಹಿ ಮಾಡಿ ಎಂದರು.

ಪೆನ್ನು ಕೈಗೆ ತೆಗೆದುಕೊಂಡವಳು ಅದೇಕೋ ನಿಲ್ಲಿಸಿ ಓದಿದೆ. ಬಸಪ್ಪನವರು ನನ್ನ ಕಣ್ಣೆದುರಿಗೆ ಉಯಿಲಿಗೆ ಸಹಿ ಹಾಕಿದರು, ಅದನ್ನು ನಾನು ನೋಡಿದೆ ಎಂದು ಬರೆದಿತ್ತು.

"ಇದನ್ನು ನಾನು ನೋಡಿಲ್ಲ ಸಾರ್" ಎಂದೆ.

"ಎಲ್ಲ ಸಾಕ್ಷಿಗಳೂ ಹೇಳೋದು ಇದನ್ನೇ ಮೇಡಂ ಗಾರು. ಫಾರ್ಮಾಟ್ ಇದು."

"ಇರಬಹುದು. ನಾನು ನೋಡಿಲ್ಲ."

ಮೂರ್ತಿಯವರು ಪದ್ಮಳ ಕಡೆ ನೋಡಿದರು. ಉಯಿಲಿಗೆ ಇದ್ದದ್ದು ಇಬ್ಬರೇ ಸಾಕ್ಷಿಗಳು. ಇನ್ನೊಬ್ಬರು ನಮ್ಮ ಶಾಖೆಯ ಹೆಡ್ ಕ್ಯಾಷಿಯರ್ ರಾವ್ ಗಾರು, ತೀರಿಕೊಂಡು ಮೂರು ವರ್ಷವಾಗಿತ್ತು. ಉಳಿದವಳು ನಾನು. ನಾನು ಕೈಬಿಟ್ಟರೆ ಉಯಿಲು ನಿಲ್ಲುವುದಿಲ್ಲ ಎಂದು ಅವರು ಅವಳಿಗೆ ಬಿಡಿಸಿ ಹೇಳಿದರು. ಪದ್ಮ ಡಬ್ಬಿಯನ್ನು ಕೆಳಗಿಟ್ಟು ನನ್ನ ಪಕ್ಕದಲ್ಲಿ ಕೂತಳು.

"ಅಕ್ಕಾ, ಒಂದೇ ಒಂದು ಮಾತು. ನೋಡಿದೆ ಅಂದುಬಿಡಿ. ನಿಮಗೇನು ಹೋಗುತ್ತದೆ?" ಎಂದಳು.

ಕೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಅವಳ ಜಾಗದಲ್ಲಿದ್ದರೆ ನಾನೂ ಕೇಳುತ್ತಿದ್ದೆ. ನಾನೇನೂ ಸತ್ಯಸಂಧಳಲ್ಲ, ಮಗಳ ಶಾಲೆಗೆ, ಬಂಧುಗಳ ಮದುವೆಗೆ ಬೇಕಾದಷ್ಟು ಸುಳ್ಳು ಹೇಳಿದ್ದೇನೆ. ಆದರೆ ಕೋರ್ಟಿನಲ್ಲಿ ಹೇಳಿದ ಸುಳ್ಳನ್ನು ನೆನಪಿಟ್ಟುಕೊಳ್ಳಬೇಕು, ಪಾಟೀಸವಾಲಿನಲ್ಲಿ ಕಾಪಾಡಿಕೊಳ್ಳಬೇಕು. ನಿಜವಾಗಿ ಹೇಳುತ್ತೇನೆ, ಮೂರು ಸಲ ಓಡಾಡಿ ಅಷ್ಟು ತ್ರಾಣ ನನ್ನಲ್ಲಿ ಉಳಿದಿರಲಿಲ್ಲ.

"ಆಗೋದಿಲ್ಲಮ್ಮಾ, ಸುಸ್ತಾಗಿದೆ" ಎಂದೆ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಗೋಡೆ ನೋಡುತ್ತ ಕೂತಳು.

ಮೂರ್ತಿಯವರಿಗೆ ರೇಗಿತು. "ಹಾಗಾದರೆ ಆ ದಿನ ಆಗಿದ್ದೇನು, ಅದನ್ನಾದರೂ ಹೇಳಿ" ಎಂದರು.

ಕಣ್ಣು ಮುಚ್ಚಿದೆ. ಮೊದಲು ನೆನಪಾದದ್ದು ತಲೆಯ ಮೇಲಿನ ಫ್ಯಾನು. ಅದರ ಗಾಳಿಗೆ ಹಾಳೆ ಏಳುತ್ತಿತ್ತು. ಅದು ಹಾರದಂತೆ ಕೌಂಟರಿನ ಆಚೆಯಿಂದ ಒಂದು ಎಡಗೈ ಒತ್ತಿ ಹಿಡಿದಿತ್ತು. ಆ ಕೈಗೆ ತೋರುಬೆರಳು ಅರ್ಧವೇ ಇತ್ತು. ಹಡಗಿನ ಹಗ್ಗಕ್ಕೆ ಸಿಕ್ಕಿ ತುಂಡಾದದ್ದೆಂದು ಬಸಪ್ಪನವರೇ ಯಾವಾಗಲೋ ಹೇಳಿದ್ದರು. ಕೈ ನೆನಪಾದ ಮೇಲೆ ಅವರ ಮಾತೂ ನೆನಪಾಯಿತು.

"ತಂಗೀ, ಇದು ನನ್ನ ಕೈಬರಹ. ಕೆಳಗ ಇರೋದು ನನ್ನ ಸಹಿ, ಮನ್ಯಾಗ ಮಾಡ್ಕೊಂಡು ಬಂದೀನಿ. ಇಲ್ಲೆ ಕನ್ನಡಾ ಓದಾವ್ರು ನೀವೊಬ್ರ. ಓದಿ ನೋಡಿ ಸಾಕ್ಷಿ ಹಾಕ್ರಿ" ಎಂದಿದ್ದರು.

ನಾನು "ಆಯ್ತು ಸಾರ್" ಎಂದು, ಓದದೆ, ತಲೆಯನ್ನೂ ಎತ್ತದೆ ಸಹಿ ಹಾಕಿದ್ದೆ. ನಂಬರ್ ಬರೆದು, ಸೀಲು ಒತ್ತಿ, ಹಾಳೆಯನ್ನು ಪಕ್ಕದ ರಾವ್ ಗಾರಿಗೆ ದಾಟಿಸಿದ್ದೆ. ಕನ್ನಡದ ಒಂದಕ್ಷರ ಬಾರದ ಅವರೂ ಸಹಿ ಹಾಕಿದ್ದರು. ಮುಂದಿನವರು ಬನ್ನಿ ಎಂದಿದ್ದೆ. ನೆನಪಾದದ್ದನ್ನೆಲ್ಲ ಹಾಗೆಯೇ ಹೇಳಿದೆ.

ಮೂರ್ತಿಯವರು ಕನ್ನಡಕ ತೆಗೆದರು. "ಅಯ್ಯೋ ಅಮ್ಮಾ, ಇದೇ ಸಾಕಲ್ಲ. ಸಹಿ ಹಾಕುವುದನ್ನು ಕಣ್ಣಾರೆ ನೋಡಲೇಬೇಕು ಅಂತ ಕಾಯಿದೆ ಹೇಳುವುದಿಲ್ಲ. ಇದು ನನ್ನ ಸಹಿ ಅಂತ ಅವರೇ ನಿಮಗೆ ಹೇಳಿ, ಅವರ ಎದುರಿಗೆ ನೀವಿಬ್ಬರೂ ಸಾಕ್ಷಿ ಹಾಕಿದರೂ ನಡೆಯುತ್ತದೆ. ಇದನ್ನು ಮೊದಲೇ ಹೇಳಬಾರದಾ?"

"ನೀವು ಮೊದಲೇ ಕೇಳಬಾರದಾ?" ಎಂದೆ. ನಾನು ಸೀಲು ಒತ್ತುವ ಹಾಗೆಯೇ ಅವರು ಟೈಪು ಮಾಡಿಸಿದ್ದರು, ಅಷ್ಟೇ. ಹೊಸ ಹೇಳಿಕೆ ಬರೆಸಿದರು. ಅದನ್ನು ಎರಡು ಸಲ ಓದಿ ಸಹಿ ಹಾಕಿದೆ.

ಹನ್ನೆರಡರ ಸುಮಾರಿಗೆ ನನ್ನ ಹೆಸರು ಕೂಗಿದರು. ಕಟಕಟೆ ಹತ್ತಿ ಪ್ರಮಾಣ ಮಾಡಿದೆ. ಎದುರು ಪಕ್ಷದ ವಕೀಲರು ವಯಸ್ಸಿನಲ್ಲಿ ಚಿಕ್ಕವರು, ಬಹಳ ಮರ್ಯಾದೆಯ ಮಾತು.

"ಉಯಿಲನ್ನು ಓದಿದ್ದೀರಾ ಮೇಡಂ?"

"ಇಲ್ಲ."

"ಓದದೆ ಬ್ಯಾಂಕಿನ ಸೀಲು ಹಾಕಿದಿರಾ?"

"ಹೌದು. ನವೆಂಬರ್ ತಿಂಗಳು. ಬಂದ ಕಾಗದಕ್ಕೆಲ್ಲ ಹಾಕುತ್ತಿದ್ದೆ."

ಹಿಂದೆ ಕೂತವರು ನಕ್ಕರು. ವಕೀಲರು ಹತ್ತಿರ ಬಂದರು. "ತಲೆ ಎತ್ತಿ ನೋಡಲಿಲ್ಲ ಅಂತ ನಿಮ್ಮ ಹೇಳಿಕೆಯಲ್ಲೇ ಇದೆ. ಹಾಗಿದ್ದ ಮೇಲೆ ಎದುರಿಗೆ ನಿಂತಿದ್ದವರು ಬಸಪ್ಪನವರೇ ಅಂತ ಹೇಗೆ ಹೇಳುತ್ತೀರಿ? ಈಕೆಯ ಗಂಡ ನಿಂತಿದ್ದಿರಬಹುದಲ್ಲ?"

ಪದ್ಮ ಹಿಂದಿನ ಬೆಂಚಿನಲ್ಲಿ ಡಬ್ಬಿಯನ್ನು ಎದೆಗವಚಿಕೊಂಡು ಕೂತಿದ್ದಳು. ಆ ಒಂದು ಪ್ರಶ್ನೆಗೆ ನಾನು ತಡವರಿಸಿದರೆ ಅವಳ ಮನೆ ಹೋಗುತ್ತದೆಂದು ಅವಳಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು.

"ಕೌಂಟರಿನಲ್ಲಿ ಕೂತವರಿಗೆ ಮುಖಕ್ಕಿಂತ ಕೈಗಳ ಪರಿಚಯ ಜಾಸ್ತಿ ಸಾರ್" ಎಂದೆ. "ಕಾಗದ ಹಾರದಂತೆ ಹಿಡಿದ ಕೈ ಬಸಪ್ಪನವರದು. ಎಡಗೈ ತೋರುಬೆರಳು ಅರ್ಧ ಇರಲಿಲ್ಲ. ಮಾತು ಗದಗದ ಕನ್ನಡ. ನಾಲ್ಕು ವರ್ಷ ಪ್ರತಿ ತಿಂಗಳು ಆ ಕೈ ನೋಡಿದ್ದೇನೆ, ಆ ಮಾತು ಕೇಳಿದ್ದೇನೆ. ನಾನು ಸಹಿ ಹಾಕಿ, ಸೀಲು ಒತ್ತಿ, ರಾವ್ ಗಾರು ಸಹಿ ಹಾಕಿ ಮುಗಿಸುವವರೆಗೂ ಆ ಕೈ ಅಲ್ಲೇ ಇತ್ತು."

ವಕೀಲರು ತಮ್ಮ ಕಕ್ಷಿದಾರರ ಕಡೆ ತಿರುಗಿದರು. ಅಣ್ಣನ ಮಗನೊಬ್ಬ ತಲೆ ತಗ್ಗಿಸಿದ. ಬೆರಳಿನ ವಿಷಯ ಅವರಿಗೆ ಗೊತ್ತಿರಲೇಬೇಕು.

ಅಷ್ಟರಲ್ಲಿ ನ್ಯಾಯಾಧೀಶರು ಮೂಲ ಕಾಗದವನ್ನು ನನ್ನ ಕೈಗೆ ಕೊಡಿಸಿದರು. "ಆವತ್ತು ಓದಲಿಲ್ಲ ಅಂದಿರಿ. ಈಗ ಓದಿ. ನೀವು ಸಹಿ ಹಾಕಿದ್ದು ಇದಕ್ಕೇನಾ ಹೇಳಿ" ಎಂದರು. ಅದರ ಇಂಗ್ಲಿಷ್ ಅನುವಾದ ಅವರ ಮುಂದೆ ಇತ್ತು. ನಾನು ಮನಸ್ಸಿನಲ್ಲೇ ಓದತೊಡಗಿದೆ. ಎರಡು ಹಾಳೆ, ದಪ್ಪ ದಪ್ಪ ಅಕ್ಷರ. ಮೊದಲ ಹಾಳೆಯಲ್ಲಿ ಮನೆಯ ನಾಲ್ಕು ದಿಕ್ಕಿನ ಚಕ್ಕುಬಂದಿ. ಎರಡನೆಯದರಲ್ಲಿ ಹೀಗೆ ಬರೆದಿದ್ದರು:

"ನನ್ನ ಮಗ ತೀರಿಕೊಂಡ ಮೇಲೆ ಸೊಸೆಯನ್ನು ತವರಿಗೆ ಕಳಿಸು ಅಂತ ಎಲ್ಲರೂ ಅಂದರು. ನಾನು ಕಳಿಸಲಿಲ್ಲ. ಆಕೆಗೆ ಎರಡನೇ ಮದುವೆ ಮಾಡಿಸಿದವನೂ ನಾನೇ. ಮನೆ ಬಿಟ್ಟು ಹೋಗಬ್ಯಾಡರಿ ಅಂತ ಇಬ್ಬರನ್ನೂ ಕೇಳಿಕೊಂಡವನೂ ನಾನೇ. ಆದಕಾರಣ ಈ ಮನೆ ಆಕೆಗೆ ಬರೆದಿರುತ್ತೇನೆ. ಸೇವೆ ಮಾಡಿದಳು ಅಂತ ಕೊಟ್ಟಿದ್ದು ಅಲ್ಲ. ಮಗಳು ಅಂತ ಕೊಟ್ಟಿದ್ದು. ಇಂಥ ಮಾತು ಎದುರಿಗೆ ಆಡಿ ನನಗೆ ರೂಢಿ ಇಲ್ಲ. ಸಾಕ್ಷಿ ಹಾಕುವ ಬ್ಯಾಂಕಿನ ತಂಗಿ ಕನ್ನಡ ಬಲ್ಲವಳು. ಆಕೆ ಇದನ್ನು ಓದಿ, ನನ್ನ ಸೊಸೆಗೆ ತೆಲುಗಿನಲ್ಲಿ ತಿಳಿಸಿ ಹೇಳಬೇಕಂತ ಕೇಳಿಕೊಂಡಿರುತ್ತೇನೆ."

ಅದರ ಕೆಳಗೆ ಅವರ ಸಹಿ. ಅದರ ಕೆಳಗೆ ನನ್ನ ಸಹಿ, ನಂಬರ್, ಸೀಲು.

ಅವರು ನನ್ನಿಂದ ಕೇಳಿದ್ದು ಬರೀ ಸಾಕ್ಷಿ ಆಗಿರಲಿಲ್ಲ. ತಮ್ಮಿಂದ ಆಗದ ಒಂದು ಮಾತನ್ನು ಮುಟ್ಟಿಸು ಎಂದು ನನಗೆ ಒಪ್ಪಿಸಿದ್ದರು, ನಾನು ಆಯ್ತು ಸಾರ್ ಎಂದಿದ್ದೆ. ಆಮೇಲೆ ನಾಲ್ಕು ವರ್ಷ ಅವರು ಬದುಕಿದ್ದರು. ನಾನು ಹೇಳಿಬಿಟ್ಟಿದ್ದೇನೆ, ಸೊಸೆಗೆ ಗೊತ್ತಾಗಿದೆ ಎಂದುಕೊಂಡೇ ಬದುಕಿದ್ದರೋ ಏನೋ. ಇಲ್ಲವೆಂದು ತಿಳಿದಿದ್ದರೂ ಇನ್ನೊಮ್ಮೆ ಕೇಳುವ ಜಾಯಮಾನ ಅವರದಲ್ಲ. ಅವರು ಆ ಕಾಗದ ಕೊಟ್ಟ ಮರುವರ್ಷವೇ ನನಗೆ ವಿಶಾಖಪಟ್ಟಣಕ್ಕೆ ವರ್ಗವಾಗಿತ್ತು. ಕಟಕಟೆಯಲ್ಲಿ ನಿಂತು ನನಗೆ ಅಳು ಬಂತು. ಬಹಳ ನಾಚಿಕೆಯೂ ಆಯಿತು.

"ಇದೇ ಕಾಗದ" ಎಂದು ಹೇಳಿ ಇಳಿದೆ.

ಹೊರಗೆ ಬೇವಿನ ಮರದ ಕೆಳಗೆ ಪದ್ಮ ಡಬ್ಬಿ ಬಿಚ್ಚುತ್ತಿದ್ದಳು. ತಿನ್ನುವುದು ಆಮೇಲೆ, ಇಲ್ಲಿ ಕೂತುಕೋ ಎಂದೆ. ಮನೆ ಅವಳಿಗೆ ಎಂಬುದೊಂದನ್ನು ಬಿಟ್ಟು ಉಯಿಲಿನಲ್ಲಿ ಇನ್ನೇನಿದೆಯೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಮೂರ್ತಿಯವರಿಗೆ ಬೇಕಾಗಿದ್ದದ್ದೂ ಅದೊಂದೇ. ಬಸಪ್ಪನವರು ಬರೆದದ್ದನ್ನು ಸಾಲು ಸಾಲಾಗಿ ತೆಲುಗಿನಲ್ಲಿ ಹೇಳಿದೆ. ಸೇವೆಗೆ ಕೊಟ್ಟಿದ್ದಲ್ಲ, ಮಗಳೆಂದು ಕೊಟ್ಟಿದ್ದು ಎಂಬ ಮಾತನ್ನು ಎರಡು ಸಲ ಹೇಳಿಸಿಕೊಂಡಳು. ಇದನ್ನು ಆರು ವರ್ಷದ ಹಿಂದೆಯೇ ನಾನು ನಿನಗೆ ಹೇಳಬೇಕಿತ್ತು, ತಪ್ಪು ನನ್ನದು ಎಂದೆ. ಅವಳು ಡಬ್ಬಿಯ ಮುಚ್ಚಳವನ್ನು ಹಾಕುವುದು, ತೆಗೆಯುವುದು ಮಾಡುತ್ತಿದ್ದಳು.

ಆಮೇಲೆ ಕೇಳಿದಳು, "ಅಕ್ಕಾ, ಅದನ್ನು ನಿಮಗೆ ಕೊಡುವಾಗ ಮಾವಯ್ಯನ ಮುಖ ಹೇಗಿತ್ತು?"

ನಾನು ತಲೆ ಎತ್ತಲಿಲ್ಲವೆಂದು ಈಗಷ್ಟೇ ಕೋರ್ಟಿನಲ್ಲಿ ಹೇಳಿದ್ದನ್ನು ಅವಳೂ ಕೇಳಿದ್ದಳು. ಆದರೂ ಕೇಳಿದಳು.

"ನಗ್ತಾ ಇದ್ದರು" ಎಂದೆ.

"ಅವುನಾ" ಎಂದು ತಲೆಯಾಡಿಸಿ ಪುಳಿಹೋರವನ್ನು ಎರಡು ಪಾಲು ಮಾಡಿದಳು. ಕಟಕಟೆಯಲ್ಲಿ ಹೇಳದ ಸುಳ್ಳನ್ನು ಹೀಗೆ ಮರದ ಕೆಳಗೆ ಹೇಳಿದೆ. ಅದಕ್ಕೆ ಯಾರೂ ಪಾಟೀಸವಾಲು ಮಾಡಲಿಲ್ಲ.

ಮರುವರ್ಷ ತೀರ್ಪು ಅವಳ ಪರವಾಗಿ ಬಂತೆಂದು ಮೂರ್ತಿಯವರು ಫೋನ್ ಮಾಡಿದರು. ಬ್ಯಾಂಕಿನವರು ಎಚ್ಚರಿಕೆಯ ಪತ್ರ ಕೊಟ್ಟು ನನ್ನನ್ನು ಬಿಟ್ಟರು. ಈಗ ನವೆಂಬರಿನಲ್ಲಿ ನಾನು ಪ್ರತಿಯೊಬ್ಬರ ಮುಖ ನೋಡಿಯೇ ಸಹಿ ಹಾಕುತ್ತೇನೆ. ಸಾಲು ಉದ್ದವಾಗುತ್ತದೆ, ಹಿಂದಿನವರು ಗೊಣಗುತ್ತಾರೆ, ನನಗೂ ಕತ್ತು ನೋಯುತ್ತದೆ. ನನ್ನ ಉಯಿಲನ್ನೂ ಬರೆದಿಟ್ಟಿದ್ದೇನೆ. ಮಗಳಿಗೂ ಕನ್ನಡ ಓದಲು ಬಾರದು, ಆದ್ದರಿಂದ ಎದುರಿಗೆ ಕೂರಿಸಿಕೊಂಡು ನಾನೇ ಓದಿ ಹೇಳಿದೆ.

ಬಸಪ್ಪನವರ ಅರ್ಧ ಬೆರಳಿನ ಕೈ ಈಗಲೂ ಕಣ್ಣಿಗೆ ಕಟ್ಟುತ್ತದೆ. ಮುಖ ಮಾತ್ರ ಎಷ್ಟು ಯೋಚಿಸಿದರೂ ನೆನಪಿಗೆ ಬರುವುದಿಲ್ಲ. ಹೋದ ಸಂಕ್ರಾಂತಿಗೆ ಪದ್ಮ ಅವರದೊಂದು ಫೋಟೊ ಫೋನಿಗೆ ಕಳಿಸಿದಳು. ಆಗಾಗ ತೆಗೆದು ನೋಡುತ್ತೇನೆ. ಅದರಲ್ಲಿ ಅವರು ನಗುತ್ತಿಲ್ಲ.